ಅಲ್ಪ ಸ್ಮರಣೆಯ ಗಣಕಯಂತ್ರವೂ ಅಡಕದ ಉಪಾಯವೂ



ನಮ್ಮಲ್ಲಿ ಅನೇಕರ ಮನೆಗಳಲ್ಲಿ ಹಳೆಯ ಗಣಕಯಂತ್ರವೊಂದು ಬಟ್ಟೆ ಹೊದೆದು ಮೂಲೆಯಲ್ಲಿ ಕುಳಿತಿರುವುದುಂಟು. ಹತ್ತು ಹನ್ನೆರಡು ವರ್ಷಗಳ ಹಿಂದೆ ಅಣ್ಣನೋ ಚಿಕ್ಕಪ್ಪನೋ ಕೊಂಡುತಂದ ಯಂತ್ರವದು. ಗುಂಡಿಯನ್ನು ಒತ್ತಿದರೆ ದೀಪ ಬೆಳಗುತ್ತದೆ, ಫ್ಯಾನು ತಿರುಗುತ್ತದೆ. ಆದರೆ ಬ್ರೌಸರಿನಲ್ಲಿ ಮೂರು ಪುಟಗಳನ್ನು ತೆರೆದು, ಪಕ್ಕದಲ್ಲಿ ಕನ್ನಡ ಪ್ರಬಂಧವೊಂದನ್ನು ಬೆರಳಚ್ಚು ಮಾಡತೊಡಗಿದೊಡನೆ ಪರದೆಯ ಮೇಲಿನ ಬಾಣವು ನಿಂತಲ್ಲಿಯೇ ನಿಂತುಬಿಡುತ್ತದೆ. ಒಳಗೆ ಡಿಸ್ಕು ಮಾತ್ರ ಕರಕರನೆ ಸದ್ದುಮಾಡುತ್ತಿರುತ್ತದೆ. ‘ಇದು ಕೆಟ್ಟಿತು, ಗುಜರಿಗೆ ಹಾಕೋಣ’ ಎಂದು ಹಿರಿಯರು ತೀರ್ಪು ಕೊಡುತ್ತಾರೆ. ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ತಾನು ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ ೧೧ಕ್ಕಾದರೋ ಕಡೆಯ ಪಕ್ಷ ೪ ಗಿಗಾಬೈಟ್ ಸ್ಮರಣೆಯೂ ಹಳೆಯ ಯಂತ್ರಗಳಲ್ಲಿ ಇಲ್ಲದ ಒಂದು ಭದ್ರತಾ ಚಿಪ್ಪೂ ಬೇಕು. ಹೀಗಾಗಿ ೨ ಗಿಗಾಬೈಟಿನ ಬಡಯಂತ್ರಗಳ ಮುಂದಿನ ಗತಿಯೇನು ಎಂಬ ಪ್ರಶ್ನೆ ಈಗ ಮನೆಮನೆಯದಾಗಿದೆ.

ಯಂತ್ರವು ಕೆಟ್ಟಿರುವುದು ಬೇರೆ, ಅದಕ್ಕೆ ಸ್ಥಳ ಸಾಲದಿರುವುದು ಬೇರೆ. ಎರಡನೆಯದಕ್ಕೆ ಲಿನಕ್ಸ್ ಎಂಬ ಸ್ವತಂತ್ರ ಕಾರ್ಯವ್ಯವಸ್ಥೆಯಲ್ಲಿ ಒಂದು ಚತುರವಾದ ಉಪಾಯವಿದೆ. ಅದು ಹೇಗೆ ನಡೆಯುವುದೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಗಣಕಯಂತ್ರದಲ್ಲಿ ವಸ್ತುಗಳನ್ನಿಡಲು ಎರಡು ಸ್ಥಳಗಳಿರುವುವು. ಒಂದು ಡಿಸ್ಕು, ಇದು ಕಪಾಟಿನಂತೆ. ವಿದ್ಯುತ್ತು ಹೋದರೂ ಇದರಲ್ಲಿಟ್ಟುದು ಅಳಿಯದು. ಇನ್ನೊಂದು ರ್ಯಾಮ್, ಎಂದರೆ ಕಾರ್ಯಸ್ಮರಣೆ. ಇದು ಬರೆಯುವ ಮೇಜಿನಂತೆ. ಕೆಲಸ ನಡೆಯುವುದೆಲ್ಲವೂ ಮೇಜಿನ ಮೇಲೆಯೇ. ಹಿಂದೆ ಈ ಮೇಜು ಎಷ್ಟು ಚಿಕ್ಕದಾಗಿತ್ತೆಂದರೆ, ೧೯೬೦ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದ ‘ಟಿಫ್ರ್ಯಾಕ್’ ಯಂತ್ರಕ್ಕೆ ಇದ್ದುದು ೪೦ ಬಿಟ್ಟುಗಳ ೨,೦೪೮ ಪದಗಳ ಸ್ಮರಣೆ ಮಾತ್ರ. ಇಂದಿನ ಲೆಕ್ಕದಲ್ಲಿ ಅದು ೧೦,೨೪೦ ಬೈಟುಗಳಾಗುವುದು. ನಾವು ಗುಜರಿಗೆ ಹಾಕಹೊರಟಿರುವ ೨ ಗಿಗಾಬೈಟಿನ ಯಂತ್ರವು ಅಂತಹ ಎರಡು ಲಕ್ಷಕ್ಕೂ ಮಿಕ್ಕ ಟಿಫ್ರ್ಯಾಕುಗಳ ಸ್ಮರಣೆಯನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಬಡತನವೆಂಬುದು ಕಾಲಕ್ಕೆ ತಕ್ಕಂತೆ ಬದಲಾಗುವ ಮಾತು!

ಲಿನಕ್ಸಿನ ಹೃದಯಭಾಗವಾದ ಕರ್ನೆಲ್ ಈ ಮೇಜನ್ನು ೪,೦೯೬ ಬೈಟುಗಳ ಸಮಾನವಾದ ತುಂಡುಗಳಾಗಿ ವಿಭಾಗಿಸಿರುವುದು. ಈ ತುಂಡಿಗೆ ‘ಪುಟ’ವೆಂದು ಹೆಸರು. ೨ ಗಿಗಾಬೈಟಿನ ಯಂತ್ರದಲ್ಲಿ ಇಂತಹ ೫,೨೪,೨೮೮ ಪುಟಗಳಿರುವುವು. ತಂತ್ರಾಂಶಗಳು ಪುಟಗಳನ್ನು ಬೇಡುತ್ತ ಹೋಗುವುವು. ಕರ್ನೆಲ್ ಹಂಚುತ್ತ ಹೋಗುವುದು. ಮಿಕ್ಕ ಪುಟಗಳನ್ನು ಅದು ಖಾಲಿ ಬಿಡುವುದಿಲ್ಲ. ಡಿಸ್ಕಿನಿಂದ ಒಮ್ಮೆ ಓದಿದ ಕಡತಗಳ ಪ್ರತಿಗಳನ್ನು, ಮತ್ತೆ ಬೇಕಾದೀತೆಂದು, ಅವುಗಳಲ್ಲಿ ಇಟ್ಟುಕೊಳ್ಳುವುದು. ಆದುದರಿಂದ ಸ್ಮರಣೆಯ ಲೆಕ್ಕವನ್ನು ನೋಡಿದ ವಿದ್ಯಾರ್ಥಿಯು ‘ಖಾಲಿ ಇರುವುದು ಇಷ್ಟೇ’ ಎಂದು ಗಾಬರಿಪಡಬೇಕಾದುದಿಲ್ಲ. ‘ಖಾಲಿ’ ಎಂಬ ಅಂಕಣವನ್ನು ಬಿಟ್ಟು ‘ದೊರೆಯಬಲ್ಲುದು’ ಎಂಬ ಅಂಕಣವನ್ನು ನೋಡಬೇಕು.

ಮೇಜು ತುಂಬಿತೆನ್ನಿ. ಆಗ ಕರ್ನೆಲ್ ಏನು ಮಾಡುವುದು? ಮೊದಲು, ಡಿಸ್ಕಿನಲ್ಲಿ ಮೂಲವಿರುವ ಪ್ರತಿಗಳನ್ನು ಎಸೆಯುವುದು. ಬೇಕಾದರೆ ಮತ್ತೆ ಓದಿಕೊಳ್ಳಬಹುದಷ್ಟೆ. ಆದರೆ ನೀವು ಬೆರಳಚ್ಚು ಮಾಡುತ್ತಿರುವ, ಇನ್ನೂ ಉಳಿಸದ ಪ್ರಬಂಧಕ್ಕೆ ಡಿಸ್ಕಿನಲ್ಲಿ ಮೂಲವೆಂಬುದು ಇಲ್ಲ. ಅದನ್ನು ಎಸೆಯುವಂತಿಲ್ಲ, ಎಲ್ಲಿಯಾದರೂ ಎತ್ತಿಡಬೇಕು. ಹಾಗೆ ಎತ್ತಿಡಲು ಡಿಸ್ಕಿನಲ್ಲಿ ಕಾದಿರಿಸಿದ ಜಾಗಕ್ಕೆ ‘ಸ್ವಾಪ್’ ಎಂದು ಹೆಸರು. ಇದು ಹಳೆಯ ವಿಚಾರ. ೧೯೬೨ರಲ್ಲಿ ಮ್ಯಾಂಚೆಸ್ಟರಿನ ‘ಅಟ್ಲಾಸ್’ ಯಂತ್ರವು ತಿರುಗುವ ಡ್ರಮ್ಮನ್ನೂ ಸ್ಮರಣೆಯನ್ನೂ ಒಂದೇ ಎಂಬಂತೆ ತೋರಿಸಿತು. ಲಿನಕ್ಸಿನಲ್ಲಿಯಂತೂ ಈ ಸೌಕರ್ಯವು ಹುಟ್ಟಿದುದೇ ಒಬ್ಬ ಬಡಯಂತ್ರದವನ ದೆಸೆಯಿಂದ. ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ತನ್ನ ವ್ಯವಸ್ಥೆಯನ್ನು ಹೊರಗೆಡಹಿದ ಕೆಲವೇ ತಿಂಗಳುಗಳಲ್ಲಿ ಜರ್ಮನಿಯ ಬಳಕೆದಾರನೊಬ್ಬನು, ತನ್ನ ಯಂತ್ರದಲ್ಲಿ ೨ ಮೆಗಾಬೈಟ್ ಸ್ಮರಣೆ ಮಾತ್ರ ಇರುವುದರಿಂದ ಕೆಲಸ ಸಾಗುತ್ತಿಲ್ಲವೆಂದು ತಿಳಿಸಿದನು. ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿಯೇ ಲಿನಸ್ ಪುಟಗಳನ್ನು ಡಿಸ್ಕಿಗೆ ಎತ್ತಿಡುವ ಏರ್ಪಾಡನ್ನು ಬರೆದು ಮುಗಿಸಿದನು.

ಆದರೆ ಡಿಸ್ಕು ಬಹಳ ನಿಧಾನ. ಎಷ್ಟು ನಿಧಾನವೆಂಬುದನ್ನು ಬರಿಯ ಅಂಕಿಗಳಲ್ಲಿ ಹೇಳಿದರೆ ಮನಸ್ಸಿಗೆ ನಾಟದು. ತಿರುಗುವ ಹಾರ್ಡ್ ಡಿಸ್ಕಿನಿಂದ ಎಲ್ಲಿಯೋ ಇರುವ ಒಂದು ಪುಟವನ್ನು ಹುಡುಕಿ ತರಲು ಸುಮಾರು ೧೦ ಮಿಲಿಸೆಕೆಂಡು, ಎಂದರೆ ೧೦,೦೦೦ ಮೈಕ್ರೋಸೆಕೆಂಡು ಬೇಕು. ಈಗ ಒಂದು ಮೈಕ್ರೋಸೆಕೆಂಡನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ನೋಡಿರಿ: ೧೦,೦೦೦ ಸೆಕೆಂಡು, ಎಂದರೆ ಎರಡು ಗಂಟೆ ನಾಲ್ವತ್ತಾರು ನಿಮಿಷ! ನಾಸಿಕ ರೋಡ್ ನಿಲ್ದಾಣದಿಂದ ಮನಮಾಡದ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ರೈಲಿನಲ್ಲಿ ಹೋಗಲು ಹೆಚ್ಚುಕಡಿಮೆ ಅಷ್ಟು ಹೊತ್ತು ಹಿಡಿಯುವುದು. ನಾಸಿಕದ ಮನೆಯಲ್ಲಿ ಕುಳಿತು ಗಣಿತ ಮಾಡುವ ಹುಡುಗನು, ಪ್ರತಿಯೊಂದು ಸೂತ್ರಕ್ಕೂ ಸಂಭಾಜಿನಗರದ ಸೋದರಮಾವನ ಮನೆಯಲ್ಲಿರುವ ಪುಸ್ತಕವನ್ನು ತರಿಸಿಕೊಳ್ಳಬೇಕಾದರೆ ಅವನ ಗಣಿತ ಎಂದಿಗೆ ಮುಗಿದೀತು?

ಕಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಎತ್ತಿಟ್ಟ ಪುಟವೇ ಮರುಕ್ಷಣ ಬೇಕಾಗುವುದು; ಅದನ್ನು ತರಲು ಜಾಗ ಬೇಕಾಗಿ ಮತ್ತೊಂದನ್ನು ಎತ್ತಿಡಬೇಕು; ಕೂಡಲೇ ಆ ಮತ್ತೊಂದೂ ಬೇಕಾಗುವುದು. ಯಂತ್ರವು ಕೆಲಸವನ್ನೇ ಬಿಟ್ಟು ಹೊತ್ತುಹಾಕುವುದರಲ್ಲಿಯೇ ಕಾಲ ಕಳೆಯುವುದು. ಸಂಭಾಜಿನಗರದಿಂದ ಕೆಲವೇ ಮೈಲಿ ದೂರದಲ್ಲಿ ದೌಲತಾಬಾದಿನ ಕೋಟೆಯಿದೆ. ನಮ್ಮ ಚರಿತ್ರೆಯಲ್ಲಿ ಸೇವುಣರೆಂದು ಪ್ರಸಿದ್ಧರಾದ ಯಾದವರ ದೇವಗಿರಿಯೇ ಅದು. ೧೩೨೭ರಲ್ಲಿ ಮಹಮ್ಮದ್ ಬಿನ್ ತುಘಲಕನು ದೆಹಲಿಯಿಂದ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದನು. ಕೆಲವು ವರ್ಷಗಳ ಮೇಲೆ ಮರಳಿ ದೆಹಲಿಗೇ ಒಯ್ದನು. ಗಿರೀಶ ಕಾರ್ನಾಡರು ೧೯೬೪ರಲ್ಲಿ ಪ್ರಕಟಿಸಿದ ‘ತುಘಲಕ್’ ನಾಟಕವನ್ನು ಕಂಡವರಿಗೆ ಆ ಪಯಣದ ದುಃಖ ತಿಳಿದುದೇ. ಸ್ಮರಣೆ ಸಾಲದ ಗಣಕಯಂತ್ರವು ಒಂದೊಂದು ಸೆಕೆಂಡಿನಲ್ಲಿಯೂ ಹಲವು ಸಲ ತುಘಲಕನ ದರಬಾರಾಗುವುದು. ಈ ಸ್ಥಿತಿಯನ್ನು ೧೯೬೮ರಲ್ಲಿ ಪೀಟರ್ ಡೆನ್ನಿಂಗ್ ಎಂಬ ಅಮೆರಿಕದ ವಿದ್ವಾಂಸನು ಶಾಸ್ತ್ರೀಯವಾಗಿ ವಿವೇಚಿಸಿದನು. ಪ್ರತಿಯೊಂದು ಕಾರ್ಯಕ್ಕೂ ಆಯಾ ಹೊತ್ತಿನಲ್ಲಿ ತಪ್ಪದೆ ಬೇಕಾಗುವ ಪುಟಗಳ ಒಂದು ಗುಂಪಿರುವುದು. ಎಲ್ಲ ಕಾರ್ಯಗಳ ಗುಂಪುಗಳೂ ಸೇರಿ ಮೇಜಿಗಿಂತ ದೊಡ್ಡದಾದರೆ ಯಂತ್ರವು ತಟ್ಟನೆ ಕುಸಿಯುವುದೆಂದು ಅವನು ತೋರಿಸಿಕೊಟ್ಟನು. ಮೆಲ್ಲಮೆಲ್ಲನೆ ಅಲ್ಲ, ತಟ್ಟನೆ. ಅದಕ್ಕೇ ನಮ್ಮ ಬಾಣದ ಗುರುತು ನಾಲ್ಕನೆಯ ಪುಟ ತೆರೆದಾಗ ಒಮ್ಮೆಗೇ ಸ್ತಬ್ಧವಾಗುವುದು.

‘ಹಾಗಾದರೆ ಸ್ವಾಪನ್ನೇ ತೆಗೆದುಹಾಕೋಣ’ ಎಂದು ಕೆಲವು ಜಾಣರು ಹೇಳುವುದುಂಟು. ಇದು ತಪ್ಪು ತಿಳಿವಳಿಕೆ. ಸ್ವಾಪ್ ಇಲ್ಲದಿದ್ದರೆ ನಿಮ್ಮ ಪ್ರಬಂಧದ ಪುಟಗಳನ್ನು ಕರ್ನೆಲ್ ಮುಟ್ಟಲಾರದು. ಆದರೆ ತಂತ್ರಾಂಶಗಳ ಆಜ್ಞೆಗಳೇ ಬರೆದಿರುವ ಪುಟಗಳಿಗೆ ಡಿಸ್ಕಿನಲ್ಲಿ ಮೂಲವಿದೆಯಷ್ಟೆ, ಅವನ್ನು ಎಸೆಯತೊಡಗುವುದು. ಎಸೆದ ಆಜ್ಞೆಯನ್ನೇ ಮುಂದಿನ ಕ್ಷಣ ನಡೆಸಬೇಕಾಗುವುದು, ಮತ್ತೆ ಡಿಸ್ಕಿನಿಂದ ಓದಬೇಕಾಗುವುದು. ಡಿಸ್ಕಿನ ಕರಕರ ಹಾಗೆಯೇ ಉಳಿಯುವುದು. ಎಷ್ಟೋ ದಿನಗಳಿಂದ ಯಾರೂ ತೆರೆಯದ ಪುಟವು ಮೇಜಿನ ಮೇಲೆ ಬಿದ್ದಿರುವಾಗ, ಈಗಲೇ ಬೇಕಾದ ಪುಟವನ್ನು ಹೊರಗೆ ಎಸೆಯುವುದು ಯಾವ ಜಾಣತನ?

ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಕರ್ನೆಲ್ ಕಡೆಯ ಅಸ್ತ್ರವನ್ನು ಎತ್ತಿಕೊಳ್ಳುವುದು. ಲಿನಕ್ಸ್ ವ್ಯವಸ್ಥೆಯು ಸಾಮಾನ್ಯವಾಗಿ ತನ್ನಲ್ಲಿರುವುದಕ್ಕಿಂತ ಹೆಚ್ಚು ಸ್ಮರಣೆಯನ್ನು ಕೊಡುವೆನೆಂದು ತಂತ್ರಾಂಶಗಳಿಗೆ ಮಾತು ಕೊಟ್ಟಿರುವುದು. ಮದುವೆಗೆ ಐನೂರು ಕರೆಯೋಲೆಗಳನ್ನು ಕಳುಹಿಸಿ ಮುನ್ನೂರು ಎಲೆಗಳಿಗೆ ಅಡಿಗೆ ಮಾಡಿಸುವಂತೆ; ಎಲ್ಲರೂ ಒಮ್ಮೆಗೇ ಬರುವುದಿಲ್ಲವೆಂಬ ಧೈರ್ಯ. ಒಮ್ಮೊಮ್ಮೆ ಎಲ್ಲರೂ ಬಂದುಬಿಡುವರು. ಆಗ ಪ್ರತಿಯೊಂದು ಕಾರ್ಯಕ್ಕೂ, ಅದು ತಿಂದಿರುವ ಸ್ಮರಣೆಯನ್ನು ಮುಖ್ಯವಾಗಿ ನೋಡಿ, ಒಂದು ಅಂಕವನ್ನು ಕೊಟ್ಟು, ಹೆಚ್ಚು ಅಂಕ ಬಂದುದನ್ನು ಕರ್ನೆಲ್ ಕೊಂದುಹಾಕುವುದು. ಇಲ್ಲಿ ಅಂಕ ಹೆಚ್ಚು ಬಂದುದಕ್ಕೆ ಬಹುಮಾನವಿಲ್ಲ! ಬ್ರೌಸರಿನೊಳಗೇ ಪ್ರಬಂಧವನ್ನು ಬರೆಯುತ್ತಿದ್ದ ಹುಡುಗಿಯ ಎರಡು ಗಂಟೆಗಳ ಶ್ರಮವು, ಒಂದು ಮಾತೂ ಕೇಳದೆ, ಪರದೆಯಿಂದ ಮಾಯವಾಗುವುದು ಹೀಗೆ.

ಈಗ ಉಪಾಯಕ್ಕೆ ಬರೋಣ. ಡಿಸ್ಕಿಗೆ ಒಯ್ಯುವ ಬದಲು, ಪುಟವನ್ನು ಮಡಿಸಿ ಚಿಕ್ಕದಾಗಿಸಿ ಅದೇ ಮೇಜಿನ ಒಂದು ಮೂಲೆಯಲ್ಲಿ ಇಟ್ಟರೆ ಹೇಗೆ? ‘ಮೇಜು ತುಂಬಿತೆಂದು ಮೇಜಿನ ಮೇಲೆಯೇ ಇಡುವುದೆ?’ ಎಂದು ನಗಬೇಡಿರಿ. ಚಳಿಗಾಲ ಕಳೆದ ಮೇಲೆ ರಜಾಯಿಗಳನ್ನು ಅದೇ ಕೋಣೆಯ ಟ್ರಂಕಿನಲ್ಲಿ ಒತ್ತಿ ಮಡಿಸಿಡುವುದಿಲ್ಲವೆ? ಕೋಣೆ ದೊಡ್ಡದಾಗದು, ಆದರೂ ನಡೆದಾಡಲು ಸ್ಥಳ ದೊರೆಯುವುದು.

ಪುಟವನ್ನು ಮಡಿಸುವುದೆಂದರೇನು? ನಿಮ್ಮ ತರಗತಿಯ ಹಾಜರಿಯನ್ನು ನೆನೆಯಿರಿ. ನಲವತ್ತು ಹೆಸರುಗಳ ಮುಂದೆ ಮೂವತ್ತೆಂಟು ಸಲ ‘ಹಾಜರು’ ಎಂದು ಬರೆಯುವ ಬದಲು, ‘೭ ಮತ್ತು ೨೩ ಬಿಟ್ಟು ಎಲ್ಲರೂ ಹಾಜರು’ ಎಂದು ಗುರುಗಳು ಒಂದೇ ಸಾಲಿನಲ್ಲಿ ಬರೆಯಬಹುದು. ಒಂದಕ್ಷರದ ಮಾಹಿತಿಯೂ ಕಳೆಯಲಿಲ್ಲ, ಕಾಗದ ಮಾತ್ರ ಉಳಿಯಿತು. ಅಬ್ರಹಾಂ ಲೆಂಪೆಲ್ ಮತ್ತು ಜಾಕಬ್ ಝಿವ್ ಎಂಬ ಇಸ್ರೇಲಿನ ವಿದ್ವಾಂಸರಿಬ್ಬರು ೧೯೭೭ರಲ್ಲಿ ಪ್ರಕಟಿಸಿದ ವಿಧಾನದ ತಿರುಳೂ ಇಂತಹುದೇ. ಹಿಂದೆ ಬಂದ ಅಕ್ಷರಮಾಲೆಯು ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, ‘ಇಷ್ಟು ಸ್ಥಾನ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರಗಳನ್ನು ತೆಗೆದುಕೋ’ ಎಂದು ಸೂಚಿಸುವುದು.

ಕನ್ನಡಿಗರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಯೂನಿಕೋಡಿನ ಯುಟಿಎಫ್-೮ ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆಯಾದ ್, ನ, ಡ ಎಂಬ ಐದು ಸಂಕೇತಗಳಿದ್ದು ಹದಿನೈದು ಬೈಟುಗಳಾಗುವುವು. ಅವನ್ನು ಅಂಕಿಗಳಲ್ಲಿ ಬರೆಯೋಣ:

೨೨೪ ೧೭೮ ೧೪೯, ೨೨೪ ೧೭೮ ೧೬೮, ೨೨೪ ೧೭೯ ೧೪೧, ೨೨೪ ೧೭೮ ೧೬೮, ೨೨೪ ೧೭೮ ೧೬೧.

ಗಮನಿಸಿರಿ. ಪ್ರತಿಯೊಂದು ಸಂಕೇತದ ಮೊದಲ ಬೈಟು ೨೨೪. ಎರಡನೆಯದು ೧೭೮, ಇಲ್ಲವೆ ೧೭೯, ಮೂರನೆಯದಿಲ್ಲ. ಇದು ಈ ಒಂದು ಪದದ ಗುಣವಲ್ಲ, ಕನ್ನಡದ ಇಡೀ ವರ್ಣಮಾಲೆಯ ಗುಣ. ನಾವು ನೆರೆಹೊರೆಯಲ್ಲಿ ದಿನವೂ ಓದುವ ಮರಾಠಿಯದೂ ಇದೇ ಕಥೆ. ಅಲ್ಲಿ ೨೨೪ರ ಮುಂದೆ ೧೬೪ ಅಥವಾ ೧೬೫ ಬರುವುದು. ಮೂರು ಬೈಟುಗಳಲ್ಲಿ ನಿಜವಾದ ಸುದ್ದಿಯನ್ನು ಹೊರುವುದು ಬಹುಮಟ್ಟಿಗೆ ಮೂರನೆಯದೊಂದೇ. ಉಳಿದೆರಡು ಪಲ್ಲಕ್ಕಿಯನ್ನು ಹೊರುವವರಂತೆ ಜೊತೆಯಲ್ಲಿ ನಡೆಯುವುವು. ಹೀಗೆ ಮೇಜಿನ ಮೇಲೆ ಹೆಚ್ಚು ಸ್ಥಳವನ್ನು ಆಕ್ರಮಿಸುವ ನಮ್ಮ ಲಿಪಿಯು ಮಡಿಸಿದಾಗ ಚೆನ್ನಾಗಿ ಅಡಕವಾಗುವುದು. ಮಕ್ಕಳೆ, ನಿಮ್ಮ ನಿಮ್ಮ ಹೆಸರುಗಳನ್ನು ಹೀಗೆ ಅಂಕಿಗಳಲ್ಲಿ ಬರೆದು, ಎಷ್ಟು ಸಲ ೨೨೪ ಬಂದಿತೆಂದು ಎಣಿಸಿ ನೋಡಿರಿ.

ಪುಟಗಳನ್ನು ಹೀಗೆ ಮಡಿಸಿ ಸ್ಮರಣೆಯಲ್ಲಿಯೇ ಇಡುವ ಏರ್ಪಾಡಿಗೆ ಲಿನಕ್ಸಿನಲ್ಲಿ ‘ಝಡ್‌ರ್ಯಾಮ್’ ಎಂದು ಹೆಸರು. ಇದನ್ನು ‘ಕಂಪ್‌ಕ್ಯಾಶ್’ ಎಂಬ ಹೆಸರಿನಲ್ಲಿ ಮೊದಲು ರಚಿಸಿದವನು ನಿತಿನ್ ಗುಪ್ತಾ. ಹಲವು ವರ್ಷ ಕರ್ನೆಲ್ಲಿನ ಪರೀಕ್ಷಾವಿಭಾಗದಲ್ಲಿ ಉಮೇದುವಾರಿ ಮಾಡಿ, ೨೦೧೪ರಲ್ಲಿ ೩.೧೪ನೆಯ ಆವೃತ್ತಿಯೊಡನೆ ಅದು ಕಾಯಂ ಸದಸ್ಯನಾಯಿತು. ಅಷ್ಟರೊಳಗಾಗಿ ಗೂಗಲ್ ಸಂಸ್ಥೆಯು ೨೦೧೩ರಲ್ಲಿ ಆಂಡ್ರಾಯ್ಡ್ ೪.೪ ಆವೃತ್ತಿಯನ್ನು ೫೧೨ ಮೆಗಾಬೈಟಿನ ಅಗ್ಗದ ಫೋನುಗಳಲ್ಲಿಯೂ ನಡೆಯುವಂತೆ ಮಾಡಲು ಇದನ್ನೇ ಆಶ್ರಯಿಸಿತ್ತು. ೨೦೨೦ರ ಅಕ್ಟೋಬರಿನಲ್ಲಿ ಹೊರಬಂದ ಫೆಡೋರ ೩೩, ಕೇಳದೆಯೇ ಇದನ್ನು ಎಲ್ಲ ಯಂತ್ರಗಳಲ್ಲಿಯೂ ಅಳವಡಿಸಿತು. ಲಿನಕ್ಸಿನ ಹೊರಗೂ ಈ ತತ್ತ್ವ ಸಲ್ಲುವುದು: ಆಪಲ್ ೨೦೧೩ರಲ್ಲಿ, ಮೈಕ್ರೋಸಾಫ್ಟ್ ೨೦೧೫ರಲ್ಲಿ ತಮ್ಮ ತಮ್ಮ ವ್ಯವಸ್ಥೆಗಳಲ್ಲಿ ಸ್ಮರಣೆಯನ್ನು ಅಡಕಮಾಡತೊಡಗಿದುವು.

ಲಾಭವೆಷ್ಟು? ಲೆಕ್ಕ ಹಾಕೋಣ. ೨ ಗಿಗಾಬೈಟಿನ ಯಂತ್ರದಲ್ಲಿ ೧ ಗಿಗಾಬೈಟ್, ಎಂದರೆ ೧,೦೨೪ ಮೆಗಾಬೈಟ್ ಅಳತೆಯ ಝಡ್‌ರ್ಯಾಮನ್ನು ಏರ್ಪಡಿಸಿದೆವೆನ್ನಿ. ಈ ಅಳತೆಯು ಮಡಿಸುವುದಕ್ಕೆ ಮುಂಚಿನದೆಂಬುದನ್ನು ಮರೆಯಬಾರದು. ಅದು ತುಂಬಿದಾಗ, ಎರಡು ಪಾಲು ಒಂದು ಪಾಲಾದರೆ, ೫೧೨ ಮೆಗಾಬೈಟ್ ಸ್ಥಳ ಖರ್ಚಾಗಿ ೫೧೨ ಉಳಿಯುವುದು. ಮೂರು ಪಾಲು ಒಂದಾದರೆ ೩೪೧ ಖರ್ಚಾಗಿ ೬೮೩ ಉಳಿಯುವುದು. ಬರಿದೆ ಇರುವಾಗ ಅದು ತನ್ನ ಅಳತೆಯ ಸಾವಿರಕ್ಕೊಂದು ಪಾಲನ್ನು ಮಾತ್ರ ಹಿಡಿಯುವುದರಿಂದ, ಏರ್ಪಡಿಸಿಟ್ಟರೆ ನಷ್ಟವಿಲ್ಲ. ಬರಿಯ ಸೊನ್ನೆಗಳಿಂದ ತುಂಬಿದ ಪುಟಗಳೂ ಉಂಟು. ಅವನ್ನು ಮಡಿಸುವ ಗೋಜಿಗೂ ಹೋಗದೆ ‘ಇದು ಸೊನ್ನೆಯ ಪುಟ’ವೆಂದು ಗುರುತುಹಾಕಿಟ್ಟರೆ ಸಾಕು.

ಇನ್ನು ಕಾಲದ ಮಾತು. ೪,೦೯೬ ಬೈಟುಗಳ ಪುಟವನ್ನು ಮಡಿಸುವುದಕ್ಕೂ ಬಿಡಿಸುವುದಕ್ಕೂ ಕೆಲವೇ ಮೈಕ್ರೋಸೆಕೆಂಡುಗಳು ಸಾಕು. ನಮ್ಮ ಹಿಗ್ಗಿಸಿದ ಗಡಿಯಾರದಲ್ಲಿ ಅದು ಕೆಲವು ಸೆಕೆಂಡುಗಳಷ್ಟೆ: ಹುಡುಗನು ಸಂಭಾಜಿನಗರದ ರೈಲು ಹತ್ತಬೇಕಾಗಿಲ್ಲ, ಎದ್ದು ಟ್ರಂಕಿನ ಮುಚ್ಚಳ ತೆಗೆದರಾಯಿತು. ಈ ಕೆಲಸವನ್ನು ಸಂಸ್ಕಾರಕವು ಮಾಡಬೇಕು, ನಿಜ. ಅದಕ್ಕೆ ಸ್ವಲ್ಪ ಶ್ರಮವುಂಟು. ಆದರೆ ಡಿಸ್ಕಿಗಾಗಿ ಕಾಯುತ್ತ ಸುಮ್ಮನೆ ಕುಳಿತಿರುತ್ತಿದ್ದ ಸಂಸ್ಕಾರಕಕ್ಕೆ ಇಷ್ಟು ಕೆಲಸ ಕೊಟ್ಟರೆ ತಪ್ಪೇನೂ ಇಲ್ಲವೆಂದು ನನ್ನ ಅಭಿಪ್ರಾಯ. ಮಡಿಸುವ ವಿಧಾನಗಳಲ್ಲಿಯೂ ಭೇದಗಳಿವೆ. ಎಲ್‌ಝಡ್೪ ಎಂಬುದು ಅವಸರದವನು, ಬೇಗ ಮಡಿಸುವನು, ಅಷ್ಟು ಚಿಕ್ಕದಾಗದು. ಝಡ್‌ಸ್ಟ್ಯಾಂಡರ್ಡ್ ಎಂಬುದು ಸಾವಧಾನಿ, ಹೆಚ್ಚು ಹೊತ್ತು ತೆಗೆದುಕೊಂಡು ಹೆಚ್ಚು ಚಿಕ್ಕದಾಗಿಸುವನು. ಸಂಸ್ಕಾರಕವು ತೀರ ಹಳೆಯದಾದರೆ ಮೊದಲನೆಯವನೇ ಲೇಸು.

ಎಲ್ಲವೂ ಮಡಿಕೆಗೆ ಒಗ್ಗುವುದೆಂದು ಭಾವಿಸಬಾರದು. ಛಾಯಾಚಿತ್ರ, ಹಾಡು, ಚಲನಚಿತ್ರಗಳ ಕಡತಗಳು ಮೊದಲೇ ಅಡಕಗೊಂಡಿರುವುವು. ಮಡಿಸಿದ ರಜಾಯಿಯನ್ನು ಮತ್ತೆ ಮಡಿಸಿದರೆ ಫಲವೇನು? ಅಂತಹ ಪುಟಗಳನ್ನು ಝಡ್‌ರ್ಯಾಮ್ ಇದ್ದಂತೆಯೇ ಇಡುವುದು, ಉಳಿತಾಯವೇನೂ ಆಗದು. ಹಾಗೆಯೇ, ಒಮ್ಮೆಗೇ ಬೇಕಾಗುವ ಪುಟಗಳ ಗುಂಪೇ ಮಿತಿಮೀರಿ ದೊಡ್ಡದಾದರೆ, ಡೆನ್ನಿಂಗನು ತೋರಿಸಿದ ಕುಸಿತವು ಇಲ್ಲಿಯೂ ತಪ್ಪದು. ಸ್ವಲ್ಪ ತಡವಾಗಿ ಬರುವುದು, ಅಷ್ಟೆ. ಸ್ಮರಣೆಯ ಎರಡರಷ್ಟಕ್ಕಿಂತ ದೊಡ್ಡದಾದ ಝಡ್‌ರ್ಯಾಮಿನಿಂದ ಪ್ರಯೋಜನವಿಲ್ಲವೆಂದು ಕರ್ನೆಲ್ಲಿನ ಕೈಪಿಡಿಯೇ ಎಚ್ಚರಿಸುವುದು.

ಝಡ್‌ರ್ಯಾಮ್ ಮತ್ತು ಡಿಸ್ಕಿನ ಸ್ವಾಪ್ ಎರಡೂ ಇದ್ದಲ್ಲಿ ಒಂದು ತೊಡಕುಂಟು. ಮೊದಲು ಎತ್ತಿಟ್ಟ, ಯಾರಿಗೂ ಬೇಡವಾದ ಪುಟಗಳು ವೇಗದ ಝಡ್‌ರ್ಯಾಮನ್ನು ತುಂಬಿ ಕುಳಿತುಬಿಡುವುವು. ತಡವಾಗಿ ಬಂದ, ಬೇಗ ಬೇಕಾಗುವ ಪುಟಗಳು ನಿಧಾನದ ಡಿಸ್ಕಿಗೆ ಹೋಗಬೇಕಾಗುವುದು. ೨೦೧೩ರಲ್ಲಿ ಕರ್ನೆಲ್ಲಿಗೆ ಸೇರಿದ ‘ಝಡ್‌ಸ್ವಾಪ್’ ಎಂಬ ಇನ್ನೊಂದು ಏರ್ಪಾಡು ಇದನ್ನು ಸರಿಪಡಿಸುವುದು. ಅದು ಡಿಸ್ಕಿನ ಮುಂದೆ ಕುಳಿತ ದ್ವಾರಪಾಲಕನಂತೆ. ಮಡಿಸಿದ ಪುಟಗಳನ್ನು ತನ್ನಲ್ಲಿ ಇಟ್ಟುಕೊಂಡು, ಹಳೆಯವಾದವುಗಳನ್ನು ಮಾತ್ರ ಡಿಸ್ಕಿಗೆ ಕಳುಹಿಸುವುದು. ಒಳ್ಳೆಯ ಡಿಸ್ಕುಳ್ಳವರಿಗೆ ಇದು, ಡಿಸ್ಕು ನಿಧಾನವಾದ ಅಥವಾ ಮೆಮೊರಿ ಕಾರ್ಡಿನಿಂದಲೇ ನಡೆಯುವ ಯಂತ್ರಗಳಿಗೆ ಝಡ್‌ರ್ಯಾಮ್ ತಕ್ಕುದು. ಮೆಮೊರಿ ಕಾರ್ಡು ಪದೇ ಪದೇ ಬರೆದರೆ ಸವೆಯುವುದಲ್ಲವೆ?

ಅಲ್ಪ ಸ್ಮರಣೆಯಲ್ಲಿ ಕನ್ನಡದ ಕೆಲಸ ನಡೆಸಿದ ದೃಷ್ಟಾಂತ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ ೨೦೦೧ರ ಸುಮಾರಿನಲ್ಲಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ನಿರ್ಮಿಸಿದರು. ಲಿನಕ್ಸಿನಿಂದ ನಡೆಯುತ್ತಿದ್ದ ಆ ಯಂತ್ರದ ಸ್ಮರಣೆ ೩೨ರಿಂದ ೬೪ ಮೆಗಾಬೈಟ್ ಮಾತ್ರ. ಅದಕ್ಕಾಗಿ ರಚಿಸಿದ ‘ಧ್ವನಿ’ ಎಂಬ ತಂತ್ರಾಂಶವು ಕನ್ನಡ ಬರಹವನ್ನು ಓದಿ ಹೇಳುತ್ತಿತ್ತು. ಕರ್ನಾಟಕದ ‘ಭೂಮಿ’ ಯೋಜನೆಯ ಭೂದಾಖಲೆಗಳ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿಕೊಂಡುದುಂಟು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಅದು ಬೇರೆಯ ಕಥೆ. ಇತ್ತ ಗಡಿನಾಡಾದ ಕಾಸರಗೋಡಿನಲ್ಲಿ, ಕೇರಳ ಸರಕಾರದ ಶಾಲೆಗಳು ಸ್ವತಂತ್ರ ತಂತ್ರಾಂಶವನ್ನು ಒಪ್ಪಿಕೊಂಡುದರಿಂದ, ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಯಂತ್ರಗಳ ಮುಂದೆಯೇ ಕುಳಿತು ಗಣಕಪಾಠವನ್ನು ಕಲಿಯುತ್ತಿರುವರು.

ಹಳೆಯ ಯಂತ್ರವನ್ನು ಎಬ್ಬಿಸಬೇಕೆನ್ನುವವರಿಗೆ ಎರಡು ಮಾತು. ಲುಬುಂಟು, ಆಂಟಿಎಕ್ಸ್, ಪಪ್ಪಿ ಮೊದಲಾದ ಹಗುರವಾದ ಲಿನಕ್ಸ್ ಪ್ರಕಾರಗಳಲ್ಲಿ ಒಂದನ್ನು ಆರಿಸಿಕೊಳ್ಳಿರಿ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಡಿಸ್ಕಿನಲ್ಲಿರುವ ಮನೆಯವರ ಕಡತಗಳಿಗೆ ಕೈಹಾಕಬೇಡಿರಿ. ಝಡ್‌ರ್ಯಾಮನ್ನು ಸ್ಮರಣೆಯ ಅರ್ಧದಷ್ಟಕ್ಕೆ ಏರ್ಪಡಿಸಿ ಒಂದು ವಾರ ಬಳಸಿ ನೋಡಿ, ಬಳಿಕ ಬೇಕಾದರೆ ಹೆಚ್ಚಿಸಿರಿ. ಪುಟಗಳನ್ನು ಎತ್ತಿಡುವುದರಲ್ಲಿ ಕರ್ನೆಲ್ ಎಷ್ಟು ಉತ್ಸಾಹ ತೋರಬೇಕೆಂಬುದಕ್ಕೆ ‘ಸ್ವಾಪಿನೆಸ್’ ಎಂಬ ಒಂದು ಅಂಕಿಯಿದೆ. ಅದು ರೂಢಿಯಲ್ಲಿ ೬೦. ೨೦೨೦ರಿಂದ ೨೦೦ರವರೆಗೂ ಏರಿಸಲು ಅವಕಾಶವಿದೆ. ಡಿಸ್ಕಿನ ಸ್ವಾಪಿಗೆ ಇದನ್ನು ಏರಿಸುವುದು ಅವಿವೇಕ, ಝಡ್‌ರ್ಯಾಮಿಗೆ ನೂರನ್ನು ಮೀರಿಸುವುದೇ ಒಳಿತು.

ಕಡೆಯದಾಗಿ ಒಂದು ಎಚ್ಚರಿಕೆ. ಝಡ್‌ರ್ಯಾಮಿನಲ್ಲಿರುವುದು ಎಷ್ಟಾದರೂ ಸ್ಮರಣೆಯಲ್ಲಿರುವುದೇ. ವಿದ್ಯುತ್ತು ಹೋದೊಡನೆ ಅಳಿಯುವುದು. ಕೆಲಸವನ್ನು ಇದ್ದಂತೆಯೇ ಡಿಸ್ಕಿಗೆ ಬರೆದು ಯಂತ್ರವನ್ನು ಪೂರ್ತಿ ಆರಿಸುವ ‘ಹೈಬರ್ನೇಟ್’ ಎಂಬ ಸೌಕರ್ಯಕ್ಕೆ ಇದು ಒದಗದು. ಅದು ಬೇಕಾದವರು ಡಿಸ್ಕಿನಲ್ಲಿಯೂ, ಸ್ಮರಣೆಯಷ್ಟು ಅಳತೆಯ ಸ್ವಾಪನ್ನು, ಝಡ್‌ರ್ಯಾಮಿಗಿಂತ ಕೆಳಗಿನ ಆದ್ಯತೆ ಕೊಟ್ಟು ಇಟ್ಟುಕೊಳ್ಳಬೇಕು.